ಹಿಟ್ಟು ಮೂಸುವ ಯಂತ್ರದ ಹುಡುಗಿ

ಇದನ್ನು ಬರೆಯದೇ ಇರಲು ನಾನು ಹೇಳಿದ ನೆಪಗಳನ್ನೆಲ್ಲ ಸೇರಿಸಿದರೆ ಅದೇ ಒಂದು ಪುಸ್ತಕವಾದೀತು. ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಯ ಸಂಪಾದಕರು ಪ್ರತಿ ವರ್ಷ ಚೌತಿ ಮುಗಿದ ಕೂಡಲೇ ಫೋನ್ ಮಾಡುತ್ತಾರೆ. ನಾನು ಯಂತ್ರವನ್ನು ಸೋಲಿಸಿದ ಕಥೆಯನ್ನು ಈ ಸಲವಾದರೂ ಬರೆದುಕೊಡಬೇಕು ಎನ್ನುತ್ತಾರೆ. ಒಂದು ವರ್ಷ ಕಣ್ಣಿನ ಪೊರೆ ಎಂದೆ. ಪೊರೆ ತೆಗೆಸಿದ ಸುದ್ದಿ ಅವರಿಗೆ ತಲುಪಿದ್ದರಿಂದ ಮರುವರ್ಷ ಮೊಮ್ಮಗಳ ಪರೀಕ್ಷೆ ಎಂದೆ. ಮೊಮ್ಮಗಳು ಆಗ ಬಾಲವಾಡಿಯಲ್ಲಿ ಬಣ್ಣದ ಪೆನ್ಸಿಲ್ ಕಚ್ಚುತ್ತಿದ್ದಳು. ಈ ಸಲ ಬರೆಯುತ್ತಿದ್ದೇನೆ, ಆದರೆ ಅವರು ಕೇಳಿದ ಕಥೆಯನ್ನಲ್ಲ. ಅಚ್ಚು ಹಾಕುವುದು ಬಿಡುವುದು ಅವರ ಇಷ್ಟ.

ನಾನು ಮುಂಬಯಿಯ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಮೇಜು ಒರೆಸಲು ಸೇರಿದವನು. ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದೆ. ಅದಕ್ಕಿಂತ ಮುಂದೆ ಓದುವ ಅಪಾಯ ನನಗೆ ಬರಲಿಲ್ಲ. ಮೇಜಿನಿಂದ ಕಾಫಿಗೆ, ಕಾಫಿಯಿಂದ ದೋಸೆಕಲ್ಲಿಗೆ ದಾಟುತ್ತ ಕೊನೆಗೆ ಅಡುಗೆಮನೆಯ ಹಿರಿಯನಾದೆ. ಹಿರಿಯ ಎಂದರೆ ಬೇರೇನಿಲ್ಲ, ಹಿಟ್ಟು ಮೂಸುವವನು. ಹಿಂದಿನ ಸಂಜೆ ರುಬ್ಬಿಟ್ಟ ಹಿಟ್ಟಿನ ಡ್ರಮ್ಮುಗಳ ಮುಚ್ಚಳವನ್ನು ಬೆಳಿಗ್ಗೆ ಹಿರಿಯ ಬಂದು ತೆರೆಯುವ ತನಕ ಯಾರೂ ಮುಟ್ಟಬಾರದು ಎಂಬುದು ನಮ್ಮ ಹೋಟೆಲಿನ ಪದ್ಧತಿ. ಅವನು ಬಗ್ಗಿ ಮೂಸಿ 'ಎದ್ದಿದೆ' ಎಂದರೆ ಒಲೆ ಹಚ್ಚಬೇಕು. 'ಇನ್ನೂ ಸ್ವಲ್ಪ' ಎಂದರೆ ಕಾಯಬೇಕು. 'ಹೋಯಿತು' ಎಂದರೆ ಚೆಲ್ಲಬೇಕು, ಧಣಿಗಳೂ ಎದುರು ಮಾತಾಡುವಂತಿಲ್ಲ. ನನ್ನ ಮೂಗಿಗೆ ಸಿಕ್ಕಿದ ಮರ್ಯಾದೆ ನನ್ನ ಉಳಿದ ಅಂಗಾಂಗಗಳಿಗೆ ಎಂದೂ ಸಿಕ್ಕಿರಲಿಲ್ಲ.

ಆ ಮೂಗನ್ನು ಹುಡುಕಿಕೊಂಡು ಅವಳು ಬಂದದ್ದು ಕೊರೊನಾಕ್ಕೆ ಮುಂಚೆ. ಲೋಕಲ್ ಟ್ರೇನಿನಲ್ಲಿ ಬಂದವರ ಹಾಗೆ ಬ್ಯಾಗನ್ನು ಎದೆಯ ಮೇಲೆ ಕಟ್ಟಿಕೊಂಡು, ಒಂದು ಕಿವಿಯಲ್ಲಿ ವಯರು ಸಿಕ್ಕಿಸಿಕೊಂಡು, ಗೋಡೆ ಪಕ್ಕದ ಮೇಜಿನಲ್ಲಿ ಕೂತಳು. ತರಿಸಿದ ಇಡ್ಲಿಯನ್ನು ತಿನ್ನುವ ಬದಲು ಎತ್ತಿ ಹಿಡಿದು ಮೂಸಿದಳು. ಚಟ್ನಿ ಮೂಸಿದಳು. ಮೇಜನ್ನೂ ಮೂಸಿದಳು. ಮಾಣಿ ಓಡಿಬಂದು, ಮುನ್ಸಿಪಾಲಿಟಿಯಿಂದ ಆರೋಗ್ಯದ ಇನ್‌ಸ್ಪೆಕ್ಟರ್ ಬಂದಿದ್ದಾಳೆ ಎಂದ. ಐದು ನಿಮಿಷದಲ್ಲಿ ಅಡುಗೆಮನೆಯ ಎಲ್ಲರ ತಲೆಗೂ ಟೊಪ್ಪಿ ಬಂತು. ಹೋಟೆಲು ಶುರುವಾದಂದಿನಿಂದ ಒಂದು ಡಬ್ಬದ ಹಿಂದೆ ಸಂಸಾರ ಮಾಡಿಕೊಂಡಿದ್ದ ಜಿರಲೆಗಳು ಊರು ಬಿಟ್ಟವು. ಧಣಿಗಳು ಸ್ವತಃ ಗೋಡಂಬಿ ಹಾಕಿದ ಶೀರಾ ಕಳಿಸಿದರು. ಅವಳು ಅದನ್ನು ಕೊನೆಯ ಚಮಚದವರೆಗೂ ಮುಗಿಸಿ, ಕೈ ತೊಳೆದು ಒಳಗೆ ಬಂದು ನನ್ನೆದುರು ನಿಂತಳು.

"ನಾ ಇನ್‌ಸ್ಪೆಕ್ಟರ್ ಅಲ್ರಿ ಕಾಕಾ. ಖರೇ ಅಂದ್ರ ಶೀರಾ ಬರೂ ಮೊದಲ ಹೇಳ್ಬೇಕಂತ ಮಾಡಿದ್ದೆ."

ಅವಳ ತಂದೆ ತಾಯಿ ವಿಜಾಪುರದ ಕಡೆಯವರು. ತಂದೆ ಇರಲಿಲ್ಲ. ತಾಯಿ ದಹಿಸರದಲ್ಲಿ ಮನೆಯಲ್ಲೇ ಜೋಳದ ರೊಟ್ಟಿ ತಟ್ಟಿ ಅಂಗಡಿಗಳಿಗೆ ಕೊಡುತ್ತಿದ್ದರು. ಇವಳು ಹುಟ್ಟಿ ಬೆಳೆದದ್ದು ಅಲ್ಲೇ, ಹಾಗಾಗಿ ಇವಳ ಕನ್ನಡ ತಾಯಿಯಿಂದ ಕಲಿತಷ್ಟೇ ಅಳತೆಯದ್ದು. ರೊಟ್ಟಿ, ಬೈಗುಳ, ಪ್ರೀತಿ ಇವಕ್ಕೆ ಕನ್ನಡ. ಉಳಿದದ್ದಕ್ಕೆಲ್ಲ ಹಿಂದಿ, ಇಂಗ್ಲಿಷು. ಇಂಜಿನಿಯರಿಂಗ್ ಓದಿ, ಒಳ್ಳೆಯ ಕೆಲಸ ಬಿಟ್ಟು, ವಾಸನೆ ಹಿಡಿಯುವ ಯಂತ್ರ ಮಾಡುವ ಕಂಪನಿ ತೆರೆದಿದ್ದಳು. ಕಂಪನಿಯ ಮಾಲೀಕಳು, ಇಂಜಿನಿಯರಳು, ಜವಾನಳು ಎಲ್ಲ ಅವಳೇ. ಮೂವರಲ್ಲಿ ಯಾರಿಗೂ ಸಂಬಳ ಇರಲಿಲ್ಲ.

ಈ ಹುಚ್ಚು ಹೇಗೆ ಹಿಡಿಯಿತು ಎಂದು ಕೇಳಿದೆ. ಸಂಜೆಯ ವಿರಾರ್ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಎಂದಳು. ಅಲ್ಲಿ ಕೈ ಎತ್ತಲು ಜಾಗವಿಲ್ಲ, ತಲೆ ತಿರುಗಿಸಲು ಜಾಗವಿಲ್ಲ, ಕೆಲಸ ಮಾಡುವುದು ಮೂಗು ಒಂದೇ. ಯಾರ ಚೀಲದಲ್ಲಿ ಬೊಂಬಿಲ್ ಮೀನು, ಯಾರ ಚೀಲದಲ್ಲಿ ಮೆಂತ್ಯದ ಸೊಪ್ಪು, ಯಾರು ಬೆಳಗಿನ ಹಾಲನ್ನು ಬಾಟಲಿಯಲ್ಲೇ ಮರೆತಿದ್ದಾರೆ ಎಂದು ನಿಂತಲ್ಲೇ ಹೇಳುವ ಹೆಂಗಸರಿದ್ದರಂತೆ. ಇಷ್ಟು ಒಳ್ಳೆಯ ಯಂತ್ರವನ್ನು ದೇವರು ಮುಖದ ನಡುವೆ ಇಟ್ಟಿರುವಾಗ ಮನುಷ್ಯರು ಕಣ್ಣಿಗೆ ಕ್ಯಾಮೆರಾ, ಕಿವಿಗೆ ಫೋನು ಮಾಡಿ ಮೂಗಿಗೆ ನಶ್ಯವನ್ನು ಮಾತ್ರ ಮಾಡಿದ್ದು ಯಾಕೆ ಎಂಬುದು ಅವಳ ಪ್ರಶ್ನೆ. ನಾನು ನಶ್ಯದ ಡಬ್ಬಿಯನ್ನು ಮೆಲ್ಲನೆ ಜೇಬಿಗೆ ಹಾಕಿಕೊಂಡೆ.

ಯಂತ್ರ ಎಂದರೆ ನೋಡಲು ತೂತು ಕೊರೆದ ಟಿಫಿನ್ ಡಬ್ಬಿ. ಅದಕ್ಕೊಂದು ವಯರು, ಮೂರು ಬಣ್ಣದ ದೀಪ. ಹಿಟ್ಟಿನ ಮುಚ್ಚಳಕ್ಕೆ ಅದನ್ನು ಸಿಕ್ಕಿಸಿದರೆ ಹಿಟ್ಟು ಎಷ್ಟು ಹುಳಿ ಬಂದಿದೆ ಎಂದು ಹೇಳಬೇಕು. ಹಸಿರು ಎಂದರೆ ಎದ್ದಿದೆ, ಹಳದಿ ಎಂದರೆ ಕಾಯಿರಿ, ಕೆಂಪು ಎಂದರೆ ಚೆಲ್ಲಿರಿ. ಅವಳು ಅದಕ್ಕೊಂದು ಇಂಗ್ಲಿಷ್ ಹೆಸರಿಟ್ಟಿದ್ದಳು. ನಮ್ಮ ಯಾರ ಬಾಯಿಗೂ ಅದು ಒಗ್ಗಲಿಲ್ಲ. ಒಲೆಯ ಬಳಿ ನಿಂತು ಪ್ರತಿ ಪಾತ್ರೆಗೂ ಮೂಗು ತೂರಿಸಿ ತಪ್ಪು ಹುಡುಕುವ ಕಾರಣಕ್ಕೆ ವಡೆ ಕರಿಯುವ ಸಂಜೀವ ಅದನ್ನು 'ಅತ್ತೆ' ಎಂದು ಕರೆದ. ಅದೇ ನಿಂತಿತು. ಬೆಳಿಗ್ಗೆ ಬಂದವರೆಲ್ಲ ಇವತ್ತು ಅತ್ತೆ ಏನು ಹೇಳಿದಳು ಎಂದು ಕೇಳುವುದು ರೂಢಿಯಾಯಿತು.

ಮೊದಮೊದಲು ಅತ್ತೆಗೆ ಏನೂ ಗೊತ್ತಿರಲಿಲ್ಲ. ಅದಕ್ಕೆ ಕಲಿಸಬೇಕಾಗಿತ್ತು, ಕಲಿಸುವ ಮೇಷ್ಟ್ರು ನನ್ನ ಮೂಗು. ಅವಳು ದಹಿಸರದಿಂದ ಮೊದಲ ಲೋಕಲುಗಳಲ್ಲೊಂದನ್ನು ಹಿಡಿದು ಬಂದು, ಉದ್ದಿನ ಮೂಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಕಾಯುತ್ತಿದ್ದಳು. ನಾನು ಮುಚ್ಚಳ ತೆಗೆದು ಮೂಸಿ ಶಾಲೆಯ ರೀತಿಯಲ್ಲಿ ಫಸ್ಟ್ ಕ್ಲಾಸ್, ಪಾಸ್, ಫೇಲ್ ಎನ್ನುತ್ತಿದ್ದೆ. ಅವಳು ಅದನ್ನು ಯಂತ್ರಕ್ಕೆ ಉಣಿಸುತ್ತಿದ್ದಳು. ಒಂದು ಇಡೀ ವರ್ಷ ಹೀಗೆ ನಡೆಯಿತು. ಆ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನಾನು ಮೂಸಿದ ಕೂಡಲೇ ಮುಖ ತಿರುಗಿಸಿ ಮುಗ್ಗಲು ಎಂದೆ. ಉದ್ದಿನ ಮೂಟೆಗೆ ತೇವ ತಗುಲಿ ಬೂಸಲು ಹಿಡಿದಿತ್ತು. ಹುಳಿ ವಾಸನೆಯ ಅಡಿಯಲ್ಲಿ ಅದು ಸಣ್ಣಗೆ, ಒದ್ದೆ ಗೋಣಿಚೀಲದ ಹಾಗೆ ಬರುತ್ತದೆ. ಅವಳಿಗೆ ಸಿಗಲಿಲ್ಲ. ಚೆಲ್ಲಲು ಬಿಡಲಿಲ್ಲ. ಮತ್ತೆ ಮತ್ತೆ ಬಗ್ಗಿ ಮೂಸಿ, ಹೊರಗೆ ಬೀದಿಗೆ ಹೋಗಿ ಗಾಳಿ ಕುಡಿದು ಬಂದು ಮತ್ತೆ ಮೂಸಿ, ಕೊನೆಗೆ "ಸಿಕ್ತ್ರಿ ಕಾಕಾ" ಎಂದು ಕುಣಿದಳು. ಕೊಳೆತ ಹಿಟ್ಟಿನ ಎದುರು ಅಷ್ಟು ಸಂತೋಷಪಟ್ಟ ಮನುಷ್ಯರನ್ನು ನಾನು ನೋಡಿರಲಿಲ್ಲ. ಅಂದು ಅವಳ ಮೂಗೂ ಕಲಿಯಿತು, ಅತ್ತೆಯ ಮೂಗೂ ಕಲಿಯಿತು.

ಅವಳಲ್ಲಿ ಮುರಿಯದ ವಸ್ತು ಒಂದೂ ಇರಲಿಲ್ಲ. ಛತ್ರಿಯ ಕಡ್ಡಿ ಮುರಿದಿತ್ತು, ಚಪ್ಪಲಿಯ ಉಂಗುಷ್ಠಕ್ಕೆ ಪಿನ್ನು, ಕನ್ನಡಕದ ಒಂದು ಕಾಲಿಗೆ ಯಂತ್ರದ್ದೇ ಅಂಟು. ಯಾವುದನ್ನು ತೋರಿಸಿ ಕೇಳಿದರೂ ಮುಂದಿನ ವರ್ಶನ್‌ನಲ್ಲಿ ಸರಿಮಾಡುತ್ತೇನೆ ಎನ್ನುತ್ತಿದ್ದಳು. ಮದುವೆಯ ಮಾತೆತ್ತಿದ ಧಣಿಗಳಿಗೂ ಅದನ್ನೇ ಹೇಳಿದಳು.

ಮಧ್ಯಾಹ್ನ ಊಟದ ಗಲಾಟೆ ಇಳಿದ ಮೇಲೆ, ಹಣ ಹಾಕುವವರ ಮುಂದೆ ಮಾಡಬೇಕಾದ ಭಾಷಣವನ್ನು ನಮ್ಮ ಮುಂದೆ ಅಭ್ಯಾಸ ಮಾಡುತ್ತಿದ್ದಳು. ನಾವು ಈರುಳ್ಳಿ ಹೆಚ್ಚುತ್ತ ಕೇಳುತ್ತಿದ್ದೆವು. ದೇಶದ ಹೋಟೆಲುಗಳಲ್ಲೆಲ್ಲ ಹಿಟ್ಟು ಹಾಳಾಗುವುದನ್ನು ಅವಳು ಹೇಳುವ ಧಾಟಿಗೆ ನಮಗೇ ಅಳು ಬರುತ್ತಿತ್ತು. ಈರುಳ್ಳಿಯ ಪಾಲೂ ಇತ್ತು. ಹಿಟ್ಟು ಕೆಟ್ಟರೆ ಯಂತ್ರ ಏನು ಮಾಡುತ್ತದೆ ಎಂದು ಸಂಜೀವ ಕೇಳಿದ. ಮಾಲೀಕರ ಫೋನಿಗೆ ನೋಟಿಫಿಕೇಶನ್ ಹೋಗುತ್ತದೆ ಎಂದಳು. "ಹಾಗಾದ್ರೆ ಗಿರಾಕಿಗೆ ಎಂಥದು ಬಡಿಸುವುದು ಮಾರಾಯ್ತಿ, ನೋಟಿಫಿಕೇಶನ್ನಾ? ಚಟ್ನಿ ಬೇರೆ ಉಂಟಾ ಅದಕ್ಕೆ?" ಎಂದ. ಅವಳು ನಗಲಿಲ್ಲ. ಪ್ರಶ್ನೆ ಸರಿಯಾಗಿದೆ ಎಂದು ಬರೆದುಕೊಂಡಳು. ಮರುವಾರ ಬಂದಾಗ ಅತ್ತೆ, ಹಿಟ್ಟು ಕೆಡುವ ಮೊದಲೇ ಎಚ್ಚರಿಸಲು ಕಲಿತಿದ್ದಳು. ಯಾರ ಬಾಯಿಂದ ಬಂದರೂ ಮಾತು ಮಾತೇ ಎಂದು ತೆಗೆದುಕೊಳ್ಳುವ ಆ ಗುಣವೇ ಮುಂದೆ ಅವಳಿಗೆ ಮುಳುವಾದದ್ದು.

ಒಮ್ಮೆ ನನ್ನನ್ನು ಬಾಂದ್ರಾದ ಒಂದು ಆಫೀಸಿಗೆ ಕರೆದುಕೊಂಡು ಹೋದಳು. ಇಂತಹ ಕಂಪನಿಗಳಿಗೆ ಹಣ ಹಾಕುವ ಇಬ್ಬರು ಅಲ್ಲಿದ್ದರು. ಇಬ್ಬರಿಗೂ ನನ್ನ ಮಗನ ವಯಸ್ಸು, ಇಬ್ಬರೂ ಚಡ್ಡಿಯಲ್ಲಿದ್ದರು. ಕುರ್ಚಿ ಇರಲಿಲ್ಲ. ಅಕ್ಕಿ ಮೂಟೆಯಂಥದ್ದರ ಮೇಲೆ ಕೂರಿಸಿದರು. ನಾನು ಜೀವಮಾನವಿಡೀ ಮೂಟೆ ಹೊತ್ತವನು, ಆದರೆ ಮೂಟೆಯೇ ನನ್ನನ್ನು ನುಂಗಿದ್ದು ಅದೇ ಮೊದಲು. ಮೊಣಕಾಲು ಕಿವಿಯ ಮಟ್ಟಕ್ಕೆ ಬಂತು. ಆ ಭಂಗಿಯಲ್ಲಿ ಹಿಟ್ಟಿನ ಬಗ್ಗೆ ಮಾತಾಡಿದೆ. ಏಳುವಾಗ ಆಗಲಿಲ್ಲ. ಅವಳು ಎರಡೂ ಕೈ ಹಿಡಿದು ಎಳೆದಳು, ಚಡ್ಡಿಯವನೊಬ್ಬ ಹಿಂದಿನಿಂದ ತಳ್ಳಿದ. ಹೊರಗೆ ಬಂದು ರಿಕ್ಷಾದಲ್ಲಿ ಕೂತ ಮೇಲೆ ಅವಳು, ಅವರು ಯಂತ್ರವನ್ನು ನಂಬಲಿಲ್ಲ, ನಿಮ್ಮನ್ನು ನಂಬಿದರು ಎಂದಳು. ನೀವು ಒಂದು ಸಲ ಅತ್ತೆ ಹೇಳಿದ್ದು ಸರಿ ಅಂದರೆ ಸಾಕು, ಅವರು ಕಂಪನಿಯ ಕೈಹಿಡಿಯುತ್ತಾರೆ ಎಂದಳು. ನಾನು ಎದೆ ಉಬ್ಬಿಸಿದೆ. ಆಮೇಲೆ ಕೊರೊನಾ ಬಂತು.

ಹೋಟೆಲು ಮುಚ್ಚಿತು. ನನಗೂ ಜ್ವರ ಬಂತು, ಹೋಯಿತು. ಹೋಗುವಾಗ ಮೂಗನ್ನು ತೆಗೆದುಕೊಂಡು ಹೋಯಿತು. ಇಂದು ಬರುತ್ತದೆ ನಾಳೆ ಬರುತ್ತದೆ ಎಂದು ಕಾದೆ. ಕರ್ಪೂರ ಮೂಸಿದೆ, ಇಂಗು ಮೂಸಿದೆ, ಬೆಳ್ಳುಳ್ಳಿ ಜಜ್ಜಿ ಮೂಗಿಗೇ ತುರುಕಿದೆ. ಉರಿಯಿತೇ ಹೊರತು ವಾಸನೆ ಬರಲಿಲ್ಲ. ಹೋಟೆಲು ಮತ್ತೆ ತೆರೆಯಿತು, ನಾನು ಯಾರಿಗೂ ಹೇಳಲಿಲ್ಲ. ಕೆಲಸ ಹೋಗುತ್ತದೆಂಬ ಹೆದರಿಕೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಧಣಿಗಳು ನನ್ನನ್ನು ಕೈಬಿಡುವವರಲ್ಲ, ಗಲ್ಲಾದಲ್ಲಾದರೂ ಕೂರಿಸುತ್ತಿದ್ದರು. ನಾನು ಮೂಗಿಲ್ಲದ ಹಿರಿಯ ಎಂದು ಸಂಜೀವ ನಗಬಾರದು, ಅಷ್ಟೇ ಕಾರಣ.

ಒಂದು ಉಪಾಯ ಕಂಡುಕೊಂಡೆ. ಮುಚ್ಚಳ ತೆಗೆಯುವಾಗ ಸಂಜೀವನನ್ನು ಹತ್ತಿರ ಕರೆಯುತ್ತಿದ್ದೆ, ದೀಪ ಹಿಡಿ, ಬಟ್ಟೆ ಕೊಡು ಎಂದು ಏನಾದರೂ ನೆಪ. ನಾನು ಬಗ್ಗಿ ಮೂಸಿದ ಹಾಗೆ ಮಾಡುತ್ತ ಓರೆಗಣ್ಣಿನಲ್ಲಿ ಅವನ ಮುಖ ನೋಡುತ್ತಿದ್ದೆ. ಅವನ ಮೂಗಿನ ಹೊಳ್ಳೆ ಅರಳಿದರೆ 'ಎದ್ದಿದೆ'. ಹುಬ್ಬು ಗಂಟಿಕ್ಕಿದರೆ 'ಹೋಯಿತು'. ಸುಮ್ಮನಿದ್ದರೆ 'ಇನ್ನೂ ಸ್ವಲ್ಪ'. ಬದುಕಿರುವ ಮೂಗೊಂದನ್ನು ನಾನು ಬಾಡಿಗೆ ಇಲ್ಲದೆ ಇಟ್ಟುಕೊಂಡಿದ್ದೆ. ಪಾಪ, ಅಣ್ಣ ತನ್ನನ್ನು ಮುಂದಿನ ಹಿರಿಯನನ್ನಾಗಿ ತಯಾರು ಮಾಡುತ್ತಿದ್ದಾನೆ ಎಂದುಕೊಂಡು ಅವನು ಹಿಗ್ಗುತ್ತಿದ್ದ.

ಆ ಹೊತ್ತಿಗೆ ಅವಳು ಮರಳಿ ಬಂದಳು. ಲಾಕ್‌ಡೌನಿನಲ್ಲಿ ತಾಯಿಯ ರೊಟ್ಟಿಯ ಕೋಣೆಯಲ್ಲೇ ಕೂತು ಯಂತ್ರವನ್ನು ಮುಗಿಸಿದ್ದಳು. ಅತ್ತೆ ಈಗ ಅಂದವಾಗಿದ್ದಳು, ಟಿಫಿನ್ ಡಬ್ಬಿ ಹೋಗಿ ಬಿಳಿ ಬಣ್ಣದ ಪುಟ್ಟ ಪೆಟ್ಟಿಗೆ ಬಂದಿತ್ತು. ಬಾಂದ್ರಾದವರು ಬಂದು ನೋಡಲು ಒಪ್ಪಿದ್ದರು. ಹತ್ತಾರು ಹೋಟೆಲುಗಳಿರುವ ಒಬ್ಬ ದೊಡ್ಡ ಮಾಲೀಕರನ್ನೂ ಕರೆದುಕೊಂಡು ಬರುತ್ತಾರೆ, ನಮ್ಮ ಅಡುಗೆಮನೆಯಲ್ಲೇ ಎಲ್ಲರ ಎದುರು ಪರೀಕ್ಷೆ. ಪ್ರತಿ ಡ್ರಮ್ಮಿಗೆ ಯಂತ್ರ ಒಂದು ತೀರ್ಪು ಕೊಡಬೇಕು, ನಾನು ಒಂದು ಕೊಡಬೇಕು, ಎರಡೂ ಹೊಂದಿದರೆ ಅಂದೇ ಒಪ್ಪಂದ. ಹೊಂದದಿದ್ದರೆ ಅವಳು ಕಂಪನಿ ಮುಚ್ಚಬೇಕು, ಅವಳಲ್ಲಿ ಇನ್ನು ಉಸಿರಿರಲಿಲ್ಲ. ಇದನ್ನೆಲ್ಲ ಅವಳೇ ನನಗೆ ಹೇಳಿದಳು. ಹೇಳಿ, ನಿಮ್ಮ ಮೂಗು ಇರುವಾಗ ನನಗೇನು ಟೆನ್ಶನ್ ಎಂದಳು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಸಂಜೀವ ಹತ್ತಿರ ಇರುತ್ತಾನಲ್ಲ ಎಂದುಕೊಂಡೆ.

ಆ ಬೆಳಿಗ್ಗೆ ಸಂಜೀವ ಹತ್ತಿರ ಇರಲಿಲ್ಲ. ನಮ್ಮ ಅಡುಗೆಮನೆ ನಾಲ್ಕು ಜನ ನಿಂತರೆ ಐದನೆಯವನು ಉಸಿರು ಬಿಡಲಾಗದಷ್ಟು ದೊಡ್ಡದು. ಬಾಂದ್ರಾದವರು, ದೊಡ್ಡ ಮಾಲೀಕರು, ಅವರ ಜೊತೆ ಫೋನಿನಲ್ಲಿ ವಿಡಿಯೋ ಹಿಡಿಯುವ ಒಬ್ಬ, ಇವರೆಲ್ಲ ಒಳಬಂದ ಮೇಲೆ ಧಣಿಗಳು ಸಂಜೀವನನ್ನು ಹೊರಗೆ ಅಟ್ಟಿದರು. ನನ್ನೆದುರು ಮೂರು ಡ್ರಮ್ಮುಗಳು. ಬಂದವರಲ್ಲಿ ಅರ್ಧ ಜನ ಮಾಸ್ಕಿನಲ್ಲಿದ್ದರು. ಉಳಿದವರಿಗೆ ಹುಳಿ ಬಂದ ಯಾವ ಹಿಟ್ಟೂ ನಾತವೇ, ಅವರ ಮುಖ ಮೊದಲಿನಿಂದಲೂ ಗಂಟಿಕ್ಕಿಕೊಂಡೇ ಇತ್ತು. ಓದಲು ಒಂದು ಮುಖವೂ ಇರಲಿಲ್ಲ.

ಮೊದಲ ಎರಡು ಸರಿಹೋದವು. ಹಿಟ್ಟು ಉಬ್ಬಿದ್ದು ಕಣ್ಣಿಗೇ ಕಾಣುತ್ತಿತ್ತು. ನಾನು ಎದ್ದಿದೆ ಎಂದೆ, ಹಸಿರು ದೀಪ ಹೊತ್ತಿತು. ಮೂರನೆಯದೂ ಚೆನ್ನಾಗಿ ಉಬ್ಬಿತ್ತು, ಮೇಲೆ ಬೆಳ್ಳಗಿನ ಗುಳ್ಳೆ. ನಾನು ಬಗ್ಗಿ, ಗಾಳಿ ಎಳೆದುಕೊಂಡು, ಕಣ್ಣು ಮುಚ್ಚಿ, ತಲೆಯಾಡಿಸಿ, ಎದ್ದಿದೆ ಎಂದೆ. ಕೆಂಪು ದೀಪ ಹೊತ್ತಿತು.

ಅವಳು ಮಾಸ್ಕ್ ಕೆಳಗೆ ಎಳೆದು, ಬಗ್ಗಿ ತಾನೇ ಮೂಸಿದಳು. ತಲೆ ಎತ್ತಿ ನನ್ನನ್ನು ನೋಡಿದಳು.

"ಕಾಕಾ, ಇನ್ನೊಮ್ಮೆ ನೋಡ್ರಿ. ನಂಗೂ ಏನೋ ಬ್ಯಾರೆ ಬರಾಕತ್ತದ. ಅವತ್ತಿನ ಮುಗ್ಗಲ ಇದ್ದಂಗ."

ಅವಳ ದನಿಯಲ್ಲಿ ಸವಾಲು ಇರಲಿಲ್ಲ. ಶಾಲೆಯ ಮಗು ಮೇಷ್ಟ್ರನ್ನು ಕೇಳುವ ಹಾಗೆ ಕೇಳಿದಳು. ಎಲ್ಲರ ಕಣ್ಣು ನನ್ನ ಮೇಲೆ. ಫೋನಿನ ಕ್ಯಾಮೆರಾ ನನ್ನ ಮೇಲೆ. ನಾನು ಮತ್ತೆ ಬಗ್ಗಲೂ ಇಲ್ಲ.

"ನಿಮ್ಮ ಮನೆಯಲ್ಲಿ ತಟ್ಟುವುದು ರೊಟ್ಟಿ ಮಾರಾಯ್ತಿ. ಹುಳಿ ಹಿಟ್ಟಿನ ವಾಸನೆ ರೊಟ್ಟಿಯವರಿಗೆ ಹೇಗೆ ಗೊತ್ತಾಗ್ಬೇಕು?"

ಧಣಿಗಳು ನಕ್ಕರು. ದೊಡ್ಡ ಮಾಲೀಕರೂ ನಮ್ಮ ಕಡೆಯವರೇ, ಅವರು ಹೊಟ್ಟೆ ಹಿಡಿದು ನಕ್ಕರು, ಬಾಂದ್ರಾದವರಿಗೆ ಹಿಂದಿಯಲ್ಲಿ ಅರ್ಥ ಹೇಳಿದರು, ಅವರೂ ನಕ್ಕರು. ಅವಳೂ ನಕ್ಕಳು, ಕೊನೆಗೆ. ನಕ್ಕು, ಕೆಂಪು ದೀಪದ ಮೇಲೆ ಅಂಗೈ ಇಟ್ಟು ಮುಚ್ಚಿದಳು. ಆ ಅಂಗೈ ನನಗೆ ಈಗಲೂ ಕಾಣುತ್ತದೆ.

ಬಂದವರಿಗೆ ಮೊದಲ ಡ್ರಮ್ಮಿನ ಇಡ್ಲಿ ಬಡಿಸಿದೆವು. ಹೊಗಳಿದರು. ಸಂಜೆಯೊಳಗೆ ತಿಳಿಸುತ್ತೇವೆ ಎಂದು ಬಾಂದ್ರಾದವರು ಅವಳಿಗೆ ಹೇಳಿ ಹೋದರು. ಅವಳು ಪೆಟ್ಟಿಗೆಯನ್ನು ಎದೆಯ ಬ್ಯಾಗಿಗೆ ಹಾಕಿಕೊಂಡು, ನನ್ನ ಕಾಲು ಮುಟ್ಟಿ ನಮಸ್ಕರಿಸಿ ಹೊರಟಳು.

ಮೂರನೆಯ ಡ್ರಮ್ಮು ದೋಸೆಗೆ ಹೋಯಿತು. ಹನ್ನೊಂದರ ಹೊತ್ತಿಗೆ ಬ್ಯಾಂಕಿನ ಒಬ್ಬ ಖಾಯಂ ಗಿರಾಕಿ ಒಂದು ತುತ್ತು ತಿಂದು ತಟ್ಟೆ ಹಿಂದೆ ಕಳಿಸಿದರು. ಗೋಣಿಚೀಲ ತಿಂದ ಹಾಗಿದೆಯಂತೆ. ಅವರ ಹಿಂದೆಯೇ ಇನ್ನೊಂದು ತಟ್ಟೆ ಬಂತು. ಸಂಜೀವ ಡ್ರಮ್ಮಿಗೆ ಬಗ್ಗಿ, ತಟ್ಟನೆ ಹಿಂದೆ ಸರಿದು ನನ್ನ ಮುಖ ನೋಡಿದ. ಲಾಕ್‌ಡೌನಿನಲ್ಲಿ ಗೋದಾಮಿನಲ್ಲಿ ಕೂತಿದ್ದ ಉದ್ದು. ನಾನು ಬಿಸಿಲು ಜಾಸ್ತಿ, ಈಗಷ್ಟೇ ಕೆಟ್ಟಿರಬೇಕು ಎಂದೆ. ಹಿಟ್ಟನ್ನು ಮೋರಿಗೆ ಚೆಲ್ಲಿಸಿದೆ.

ಬಾಂದ್ರಾದವರು ಉತ್ತರ ಕೊಡಲು ಇನ್ನೂ ಇಡೀ ಮಧ್ಯಾಹ್ನ ಬಾಕಿ ಇತ್ತು. ಅವಳ ನಂಬರು ನನ್ನ ಫೋನಿನಲ್ಲಿತ್ತು. ಯಂತ್ರ ಹೇಳಿದ್ದೇ ಸರಿ ಎಂಬ ಒಂದು ಮಾತು ಸಾಕಿತ್ತು, ಮೂಗಿನ ಕಥೆ ಹೇಳುವ ಅಗತ್ಯವೂ ಇರಲಿಲ್ಲ. ವಯಸ್ಸಾಯಿತು, ತಪ್ಪಿತು ಎಂದರೂ ನಡೆಯುತ್ತಿತ್ತು. ಫೋನನ್ನು ಕೈಯಲ್ಲಿ ಹಿಡಿದುಕೊಂಡು ಉದ್ದಿನ ಮೂಟೆಯ ಮೇಲೆ ಕೂತಿದ್ದೆ. ಅಷ್ಟರಲ್ಲಿ ಮಾಣಿ ಓಡಿಬಂದು ವಿಡಿಯೋ ತೋರಿಸಿದ. ಹೋಟೆಲಿನ ಅಣ್ಣನ ಮೂಗಿನ ಮುಂದೆ ಯಂತ್ರ ಸೋತಿತು ಎಂದು ಆ ವಿಡಿಯೋದವನು ಹಾಕಿಬಿಟ್ಟಿದ್ದ. ಜನ ನೋಡುತ್ತಿದ್ದರು, ನಗುತ್ತಿದ್ದರು, ನನಗೆ ಕೈ ಮುಗಿದ ಚಿತ್ರಗಳನ್ನು ಕಳಿಸುತ್ತಿದ್ದರು. ನಾನೂ ನೋಡಿದೆ. ಮತ್ತೊಮ್ಮೆ ನೋಡಿದೆ. ಚೆನ್ನಾಗಿ ಕಾಣುತ್ತಿದ್ದೆ. ಸಂಜೆಯಾಗುವ ತನಕ ನೋಡುತ್ತಲೇ ಇದ್ದೆ.

ಬಾಂದ್ರಾದವರು ಬೇಡ ಎಂದರು. ಉಳಿದದ್ದು ಸಂಘದವರಿಗೆಲ್ಲ ಗೊತ್ತು. ಶಾಲು ಹೊದಿಸಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ, ತುರಾಯಿಯ ಪೇಟ ಇಟ್ಟಿರಿ. ಕಂಪ್ಯೂಟರ್ ಎಷ್ಟೇ ಬಂದರೂ ಅನುಭವದ ಮುಂದೆ ಅದು ಏನೂ ಅಲ್ಲ ಎಂದು ಅಧ್ಯಕ್ಷರು ಬಹಳ ಹೊತ್ತು ಮಾತಾಡಿದರು. ನಾನು ವೇದಿಕೆಯ ಮೇಲೆ ಮಲ್ಲಿಗೆ ಹಾರ ಹಾಕಿಕೊಂಡು ಕೂತಿದ್ದೆ. ಮೂಗಿನ ಕೆಳಗೇ ಅಷ್ಟು ಮಲ್ಲಿಗೆ, ನನಗದು ಹತ್ತಿಯ ಹಾರದ ಹಾಗಿತ್ತು.

ಆ ಯಂತ್ರಕ್ಕೆ ಒಂದು ವರ್ಷ ಪಾಠ ಹೇಳಿದ್ದು ನಾನು. ಮುಗ್ಗಲು ಯಾವುದು ಎಂದು ಅದಕ್ಕೆ ತೋರಿಸಿಕೊಟ್ಟದ್ದು, ಜ್ವರ ಬರುವ ಮುಂಚಿನ ನನ್ನ ಮೂಗು. ಜಗತ್ತಿನಲ್ಲಿ ನನ್ನ ಮೂಗು ಉಳಿದುಕೊಂಡಿದ್ದರೆ ಅದು ಆ ಬಿಳಿ ಪೆಟ್ಟಿಗೆಯೊಳಗೆ ಮಾತ್ರ. ಅದನ್ನೇ ನಾನು ಸುಳ್ಳುಗಾರ ಎಂದೆ, ಅದಕ್ಕೇ ಪೇಟ ಇಡಿಸಿಕೊಂಡೆ.

ಅವಳು ಕಂಪನಿ ಮುಚ್ಚಿದ ಸುದ್ದಿ ಧಣಿಗಳಿಂದ ತಿಳಿಯಿತು. ನಾನು ನಿವೃತ್ತನಾಗಿ ಮಗನ ಮನೆ ಸೇರಿದೆ. ಮಗನ ಮನೆಯೂ ದಹಿಸರದಲ್ಲೇ. ಎಲ್ಲಿ ಅವಳು ಎದುರಾಗುತ್ತಾಳೋ ಎಂದು ಸ್ಟೇಷನ್ ರಸ್ತೆಯನ್ನೇ ಬಿಟ್ಟು ಸುತ್ತುಹಾಕಿ ತರಕಾರಿ ತರುತ್ತಿದ್ದೆ. ಮನೆಯಲ್ಲಿ ಅದನ್ನು ವ್ಯಾಯಾಮ ಎಂದು ಹೇಳಿಕೊಂಡಿದ್ದೆ.

ಕಳೆದ ಮಳೆಗಾಲದ ಕೊನೆಗೆ ಸುತ್ತುದಾರಿಯಲ್ಲೇ ಸಿಕ್ಕಿಬಿಟ್ಟಳು. ತೆರೆದ ಮ್ಯಾನ್‌ಹೋಲ್ ಒಂದರ ಪಕ್ಕ ಹೆಲ್ಮೆಟ್ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತು, ಒಂದು ಪೆಟ್ಟಿಗೆಯನ್ನು ಹಗ್ಗದಲ್ಲಿ ಒಳಗೆ ಇಳಿಸುತ್ತಿದ್ದಳು. ನನ್ನನ್ನು ಕಂಡದ್ದೇ ಹಗ್ಗವನ್ನು ಕೆಲಸಗಾರರಿಗೆ ಕೊಟ್ಟು ಓಡಿಬಂದಳು. ಎದುರಿನ ಟಪರಿಯಲ್ಲಿ ಚಹಾ ಕುಡಿಸಿದಳು. ಈಗ ಬೇರೆಯವರ ಕಂಪನಿಯಲ್ಲಿ ನೌಕರಿಯಂತೆ. ಗಟಾರದೊಳಗೆ ಮನುಷ್ಯ ಇಳಿಯುವ ಮುಂಚೆ ಅಲ್ಲಿ ವಿಷದ ಗಾಳಿ ಇದೆಯೋ ಎಂದು ಹೇಳುವ ಯಂತ್ರ. ಇಡ್ಲಿಯಿಂದ ಇಲ್ಲಿಗೆ ಬಂದೆ, ದೊಡ್ಡ ಪ್ರಮೋಷನ್ ಎಂದು ನಕ್ಕಳು. ಕನ್ನಡಕದ ಕಾಲು ಇನ್ನೂ ಸರಿಯಾಗಿರಲಿಲ್ಲ.

ಆಮೇಲೆ ನಿಧಾನವಾಗಿ ಎಲ್ಲ ಹೇಳಿದಳು. ಆ ದಿನದ ಮೇಲೆ ಒಂದು ವರ್ಷ ಅತ್ತೆಯ ತಪ್ಪು ಹುಡುಕಿದಳಂತೆ. ಮೂರನೆಯ ಡ್ರಮ್ಮಿಗೆ ಕೆಂಪು ಯಾಕೆ ಬಂತು ಎಂದು ಎಲ್ಲ ಬಿಚ್ಚಿ, ಎಲ್ಲ ಬದಲಾಯಿಸಿ, ಎಲ್ಲ ತಿದ್ದಿ ನೋಡಿದಳಂತೆ. ಎಷ್ಟು ತಿದ್ದಿದರೂ ಹಳೆಯದರಷ್ಟು ಒಳ್ಳೆಯದಾಗಲಿಲ್ಲ. ತಿದ್ದುವಷ್ಟರಲ್ಲಿ ಬೇರೆ ಯಾರೋ ಅಂಥದ್ದೇ ಯಂತ್ರ ತಂದರು, ಆ ದೊಡ್ಡ ಮಾಲೀಕರ ಹೋಟೆಲುಗಳಲ್ಲಿ ಈಗ ಅದೇ ಇದೆ. ಗಟಾರದ ಯಂತ್ರವನ್ನು ಇನ್ನೂ ಸಣ್ಣದಾಗಿ, ಪ್ರತಿ ಕೆಲಸಗಾರನೂ ಕೊರಳಿಗೆ ಹಾಕಿಕೊಳ್ಳುವ ಹಾಗೆ ಮಾಡುವ ಉಪಾಯ ಅವಳ ತಲೆಯಲ್ಲಿದೆ. ಮತ್ತೆ ಸ್ವಂತ ಕಂಪನಿ ತೆರೆ ಎಂದು ಜೊತೆಯವರು ಹೇಳುತ್ತಿದ್ದಾರೆ. ಯಾಕೆ ತೆರೆಯುತ್ತಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು.

"ಹಿಟ್ಟಂದ್ರ ತಪ್ಪಿದ್ರ ಚೆಲ್ಲಬಹುದ್ರಿ ಕಾಕಾ. ಇಲ್ಲಿ ನಾ ಹಸಿರ ಅಂದೆ ಅಂದ್ರ ಒಳಗ ಮನಿಷಾ ಇಳಿತಾನ. ನನ್ನ ಮೂಗಿನ ಮ್ಯಾಲ ನಂಗ ಭರೋಸಾ ಇಲ್ಲ. ಅವತ್ತ ನಂಗೂ ಮುಗ್ಗಲ ಬಂದಂಗ ಆಗಿತ್ತಲ್ಲ."

ನಾನು ಚಹಾದ ಲೋಟವನ್ನು ನೋಡುತ್ತ ಕೂತೆ. ಅವಳು ನನ್ನ ಮೌನವನ್ನು ಮರುಕ ಎಂದುಕೊಂಡಳೋ ಏನೋ, ಸಮಾಧಾನ ಮಾಡಲು ಶುರುಮಾಡಿದಳು. ನನ್ನನ್ನು.

"ನೀವು ಮನಸಿಗೆ ಹಚ್ಚಕೋಬ್ಯಾಡ್ರಿ. ಅವತ್ತ ನನ್ನ ಖುಷಿಗೆ ಒಂದ ಸುಳ್ಳ ಹೇಳಬಹುದಿತ್ತ ನೀವು. ಹೇಳ್ಲಿಲ್ಲ. ಬ್ಯಾರೆ ಯಾರಾದ್ರೂ ಆಗಿದ್ರ ಹೇಳ್ತಿದ್ರು. ಅವ್ವಗೂ ನಾ ಅದನ್ನ ಹೇಳ್ತೀನಿ."

ನಾನು ಆಗ ಏನು ಹೇಳಿದೆ ಎಂದು ಓದುವವರು ಕೇಳಬಹುದು. ಮಳೆ ಬರುವ ಹಾಗಿದೆ, ಹೊರಡುತ್ತೇನೆ ಎಂದೆ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಅವಳು ಚಹಾದ ದುಡ್ಡು ಕೊಟ್ಟು, ರಸ್ತೆ ದಾಟಿಸಿ, ಮತ್ತೆ ಮ್ಯಾನ್‌ಹೋಲಿನ ಹತ್ತಿರ ಹೋಗಿ ಕೂತಳು. ತಿರುಗಿ ನೋಡಿದಾಗ ಪೆಟ್ಟಿಗೆಯನ್ನು ಮೇಲೆಳೆದು ಅದರ ದೀಪ ನೋಡುತ್ತಿದ್ದಳು. ಪಕ್ಕದಲ್ಲಿದ್ದ ಕೆಲಸಗಾರನನ್ನು ಏನೋ ಕೇಳಿದಳು. ಅವನು ಬಗ್ಗಿ ಮೂಸಿ ತಲೆಯಾಡಿಸಿದ. ಅವಳಿಗೆ ಸಾಲಲಿಲ್ಲ. ಇನ್ನೊಬ್ಬನನ್ನು ಕರೆದಳು.

ಆ ಸೋಲಿನಿಂದಲೇ ಅವಳು ಇನ್ನೂ ದೊಡ್ಡ ಕೆಲಸಕ್ಕೆ ಬಂದಳಲ್ಲ, ಎಲ್ಲ ಒಳ್ಳೆಯದಕ್ಕೇ ಆಯಿತು ಎಂದು ಮಗ ಹೇಳುತ್ತಾನೆ. ಅವನಿಗೆ ಮಾತ್ರ ಹೇಳಿದ್ದೇನೆ. ಅದು ನನಗೆ ಹಿತವಾದ ಮಾತು, ಅದಕ್ಕೇ ಅದನ್ನು ನಾನು ನಂಬುವುದಿಲ್ಲ. ಅವಳನ್ನು ಅಲ್ಲಿಗೆ ಮುಟ್ಟಿಸಿದ್ದು ಅವಳ ತಲೆ. ನಾನು ಮಾಡಿದ್ದು, ತನ್ನ ಮೂಗಿಗೆ ಬಂದ ವಾಸನೆಯನ್ನು ಮೂರು ಜನರನ್ನು ಕೇಳದೆ ನಂಬಲಾರದವಳನ್ನಾಗಿ ಅವಳನ್ನು ಮಾಡಿಟ್ಟದ್ದು.

ಎದುರಿಗೆ ನಿಂತು ಹೇಳುವ ಧೈರ್ಯ ನನಗೆ ಬರುವುದಿಲ್ಲ, ಅದನ್ನು ಟಪರಿಯಲ್ಲೇ ಪರೀಕ್ಷೆ ಮಾಡಿ ನೋಡಿದ್ದಾಯಿತು. ಸಂಘದ ಈ ಸಂಚಿಕೆ ದಹಿಸರದ ಕನ್ನಡದವರ ಮನೆಗಳಿಗೆಲ್ಲ ಹೋಗುತ್ತದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ತಾಯಿಗೆ ಬರುತ್ತದೆ. ತಾಯಿ ಇದನ್ನು ಗಟ್ಟಿಯಾಗಿ ಓದಿ ಹೇಳಲಿ. ಮೂರನೆಯ ಡ್ರಮ್ಮಿನ ಹಿಟ್ಟು ಮುಗ್ಗಿತ್ತು. ಯಂತ್ರ ಹೇಳಿದ್ದು ಸರಿ, ಹುಡುಗಿ ಮೂಸಿ ಹೇಳಿದ್ದೂ ಸರಿ. ನನಗೆ ಅಂದೂ ವಾಸನೆ ಬರುತ್ತಿರಲಿಲ್ಲ, ಇಂದೂ ಬರುವುದಿಲ್ಲ. ಅಂದಿನ ವಿಡಿಯೋದಲ್ಲಿ, ಶಾಲು ಹೊದಿಸಿದ ಸಭೆಯ ಬ್ಯಾನರಿನಲ್ಲಿ ದೊಡ್ಡದಾಗಿ ನನ್ನ ಹೆಸರಿತ್ತು, ಅವಳದ್ದು ಎಲ್ಲೂ ಇರಲಿಲ್ಲ. ಈ ಬರಹದಲ್ಲಿ ನನ್ನ ಹೆಸರು ಹಾಕಬೇಡಿ ಎಂದು ಸಂಪಾದಕರಲ್ಲಿ ಕೇಳಿಕೊಳ್ಳುತ್ತೇನೆ. ಹಾಕುವುದಾದರೆ ನಾನು ಕ್ಷಮೆ ಕೇಳದೇ ಉಳಿದ ಆ ಹುಡುಗಿಯ ಹೆಸರು ಹಾಕಿ: ರೇಣುಕಾ.